ಶ್ಶಕ್ಕ ನಮ್ಮ ಮಿಲ್ಲಿಗೆ ಬಂದದ್ದು

ಆ ಹೆಂಗಸು ನನ್ನ ಜೊತೆ ಆಡಿದ ಮೊದಲ ಮಾತು ಮಾತೇ ಅಲ್ಲ. "ಶ್ಶ್!" ಬಾಯಿಗೆ ಅಡ್ಡ ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ಇಷ್ಟು ವಯಸ್ಸಾದ ನನಗೆ, ನನ್ನ ಸ್ವಂತ ಮೊಮ್ಮಗಳ ಪಕ್ಕದಲ್ಲಿ ನಿಂತಿದ್ದ ನನಗೆ, "ಶ್ಶ್" ಅಂದುಬಿಟ್ಟಳು! ನಾನು ದಂಗಾದೆ. ನಮ್ಮದು ಹಿಟ್ಟಿನ ಮಿಲ್ಲು. ಮೋಟರಿನ ಸದ್ದನ್ನು ಮೀರಿಸಿ, ರಸ್ತೆಯ ಆಚೆಬದಿಯಲ್ಲಿ ಹರಟುತ್ತಿರುವ ಗಿರಾಕಿಯನ್ನು ಕೂಗಿ ಕರೆಯುವ ಗಂಟಲು ನನ್ನದು. ನನಗೆ ಬಾಯಿ ಮುಚ್ಚು ಅನ್ನುವ ಧೈರ್ಯ ನನ್ನ ಯಜಮಾನರಿಗೂ ಇರಲಿಲ್ಲ. ಪಾಪ, ಅವರು ಹೋಗಿ ಎಷ್ಟೋ ಕಾಲವಾಯಿತು, ಈಗ ಆ ಮಾತು ಯಾಕೆ.

ಅದು ಆಸ್ಪತ್ರೆಯಲ್ಲಿ ಜೋಪಾನದ ಕೂಸುಗಳನ್ನು ಇಡುವ ಕೋಣೆ. ಹುಟ್ಟಿದ ಎಲ್ಲ ಕೂಸುಗಳೂ ಅಲ್ಲಿಗೆ ಬರುವುದಿಲ್ಲ. ದಿನ ತುಂಬದೆ ಹುಟ್ಟಿದವು, ಉಸಿರು ಸಾಲದವು, ಸೋಂಕು ತಗುಲಿದವು, ಉಳಿಯುತ್ತವೋ ಇಲ್ಲವೋ ಎಂದು ಹೆತ್ತವರು ಬಾಗಿಲಲ್ಲೇ ಜೀವ ಕೈಯಲ್ಲಿ ಹಿಡಿದು ಕೂತಿರುವಂಥವು. ನನ್ನ ಮಗನ ಮಗಳು ಈ ಮೂರಕ್ಕೂ ಸೇರಿದವಳು. ನಮ್ಮ ಮಿಲ್ಲಿನ ತಕ್ಕಡಿಗೆ ಬರುವ ಅತಿ ಸಣ್ಣ ಗೋಧಿ ಡಬ್ಬವೂ ಅವಳಿಗಿಂತ ಭಾರ ಇರುತ್ತದೆ. ಮೊದಲ ಸಲ ಗಾಜಿನ ಪೆಟ್ಟಿಗೆಯೊಳಗೆ ಅವಳನ್ನು ನೋಡಿ ಹೊರಗೆ ಬಂದ ಮಗ, ಗೋಡೆಗೆ ಒರಗಿ, "ಅಮ್ಮಾ, ಒಂದು ಚಿಟಿಕೆ ಇದಾಳೆ ಅಷ್ಟೇ" ಅಂದ. ಅವತ್ತಿನಿಂದ ಅವಳು ಚಿಟಿಕೆ.

ಚಿಟಿಕೆ ಗಟ್ಟಿಗಿತ್ತಿ. ಗಂಟಲಿಗೆ ಹಾಕಿದ್ದ ಉಸಿರಿನ ನಳಿಕೆ ತೆಗೆದರು, ತಡೆದುಕೊಂಡಳು. ಮೈ ಹಳದಿಗೆ ತಿರುಗಿತೆಂದು ನೀಲಿ ದೀಪದ ಕೆಳಗೆ ಮಲಗಿಸಿದರು, ಅದನ್ನೂ ದಾಟಿದಳು. ಸೋಂಕಿಗೆ ಔಷಧಿ ಏರಿಸಿ ಏರಿಸಿ, ಚುಚ್ಚಲು ಆ ಪುಟ್ಟ ಕೈಯಲ್ಲಿ ಜಾಗವೇ ಉಳಿದಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮಕ್ಕಳ ಡಾಕ್ಟರು ನಗುತ್ತಾ ಬಂದು, "ಇನ್ನು ಮನೆಗೆ ಹೋಗಬಹುದು. ಕಿವಿ ಒಂದು ನೋಡಿಬಿಡೋಣ" ಅಂದರು. ನನಗೆ ಕೇಳಿಸಿದ್ದು ಮನೆಗೆ ಹೋಗಬಹುದು ಅನ್ನುವುದಷ್ಟೇ. ಆ ಖುಷಿಯಲ್ಲಿ ನರ್ಸಮ್ಮನಿಗೆ, ಈ ಮೂಗು ನಮ್ಮ ವಂಶದ್ದು, ಈ ಹಟ ಮಾತ್ರ ನನ್ನದು ಎಂದು ನನ್ನ ಮಾಮೂಲು ದನಿಯಲ್ಲಿ ವಿವರಿಸುತ್ತಿದ್ದೆ. ಆಗಲೇ ಆ "ಶ್ಶ್" ಬಂದದ್ದು.

"ಯಾರಮ್ಮ ನೀನು?" ಅಂದೆ.

"ಕಿವಿ ನೋಡೋಳು ಅಜ್ಜಿ," ಎಂದಳು, ಪಿಸುದನಿಯಲ್ಲಿ. "ಮಗು ಈಗಷ್ಟೇ ಹಾಲು ಕುಡಿದು ಮಲಗಿದೆ. ಎದ್ದುಬಿಟ್ರೆ ಮುಗೀತು ನನ್ನ ಕಥೆ."

ನರ್ಸಮ್ಮ ನಕ್ಕು ನನ್ನ ಕಿವಿಯಲ್ಲಿ, "ನಮ್ಮ ಶ್ಶಕ್ಕ ಇವಳು. ಬೇಜಾರು ಮಾಡ್ಕೋಬೇಡಿ, ಎಲ್ಲರಿಗೂ ಹಾಗೇ ಅಂತಾಳೆ" ಎಂದಳು.

ಎಲ್ಲರಿಗೂ ಅನ್ನುವುದು ಸುಳ್ಳಲ್ಲ. ನಾನು ಕಣ್ಣಾರೆ ನೋಡಿದೆ. ಶ್ಶಕ್ಕ ಮೊದಲು ಹೋಗಿ ಫ್ಯಾನು ಆರಿಸಿದಳು. ಕಸದ ಡಬ್ಬದ ಮುಚ್ಚಳಕ್ಕೆ ಹತ್ತಿಯ ಪಟ್ಟಿ ಅಂಟಿಸಿದ್ದಳು, ಅದು ಸರಿಯಾಗಿ ಇದೆಯೇ ಎಂದು ಒತ್ತಿ ನೋಡಿದಳು. ಬಾಗಿಲು ಕಿರ್ ಅಂದದ್ದೇ ಜೇಬಿನಿಂದ ಎಣ್ಣೆಯ ಪುಟ್ಟ ಸೀಸೆ ತೆಗೆದು ಕೀಲಿಗೆ ನಾಲ್ಕು ಹನಿ ಬಿಟ್ಟಳು. ಕೈಯಲ್ಲಿ ಬಳೆಯಿಲ್ಲ, ಕಾಲಲ್ಲಿ ಬಟ್ಟೆಯ ಮೆಟ್ಟು. ಅಷ್ಟರಲ್ಲಿ ದೊಡ್ಡ ಡಾಕ್ಟರು ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಟಕಟಕ ಬಂದರು. "ಶ್ಶ್!" ಅಂದಳು ನೋಡಿ! ಇವಳ ಕೆಲಸ ಹೋಯಿತು ಅಂದುಕೊಂಡೆ. ಆ ದೊಡ್ಡ ಮನುಷ್ಯ ಹಾಲು ಕದಿಯಲು ಬಂದ ಬೆಕ್ಕಿನ ಹಾಗೆ ತುದಿಗಾಲಲ್ಲಿ ಹಿಂದಕ್ಕೆ ಹೋದರು. ಅರ್ಧ ಸಿಟ್ಟು ನನಗೆ ಅಲ್ಲೇ ಇಳಿಯಿತು.

ಆಮೇಲೆ ಚಿಟಿಕೆಯ ಹಣೆಗೆ ಒಂದು, ಕತ್ತಿನ ಹಿಂದೆ ಒಂದು, ಭುಜಕ್ಕೆ ಒಂದು ಸ್ಟಿಕರ್ ಅಂಟಿಸಿದಳು. ಕಿವಿಗಳ ಮೇಲೆ ಮೆತ್ತನೆಯ ಪುಟ್ಟ ಬಟ್ಟಲು ಕೂರಿಸಿದಳು. ನನಗೆ ಮತ್ತೆ ಅನುಮಾನ. ನಮ್ಮ ಬೀದಿಯ ದರ್ಜಿಯ ಮೊಮ್ಮಗುವಿಗೆ ಇದೇ ಆಸ್ಪತ್ರೆಯಲ್ಲಿ, ಕೆಳಗಿನ ಸಾಮಾನ್ಯ ವಾರ್ಡಿನಲ್ಲಿ, ಕಿವಿಗೆ ಒಂದು ಸಣ್ಣ ಬಿರಡೆ ಇಟ್ಟು ತೆಗೆದು ಕಳಿಸಿದ್ದರು. ನಮ್ಮದಕ್ಕೆ ಮಾತ್ರ ಇಷ್ಟೆಲ್ಲ ತಂತಿ ಯಾಕೆ?

"ಕೆಳಗಿರೋ ಮಕ್ಕಳಿಗೆ ಕಿವಿ ಒಂದು ನೋಡಿದ್ರೆ ಸಾಕು ಅಜ್ಜಿ," ಎಂದಳು. "ಇಲ್ಲಿನ ಮಕ್ಕಳು ತುಂಬಾ ಕಷ್ಟ ಪಟ್ಟು ಬಂದಿರ್ತವೆ. ಕಿವಿಯಿಂದ ತಲೆಗೆ ಹೋಗೋ ದಾರೀನೂ ನೋಡ್ಬೇಕು. ಟಿಕ್ ಟಿಕ್ ಅಂತ ಸದ್ದು ಕೊಡ್ತೀನಿ. ಕೇಳಿಸಿದ್ರೆ ಮಗುವಿನ ಮೆದುಳು ಹೂಂ ಅನ್ನತ್ತೆ. ಆ ಹೂಂ ಅನ್ನೋದನ್ನ ಈ ಸ್ಟಿಕರ್ ಹಿಡ್ಕೊಳ್ಳತ್ತೆ."

ನಾನು, ನನ್ನ ಸೊಸೆ, ನರ್ಸಮ್ಮ, ಮೂವರೂ ಉಸಿರು ಬಿಗಿಹಿಡಿದು ನಿಂತೆವು. ಚಿಟಿಕೆ ತುಟಿ ಅರ್ಧ ತೆರೆದು ನಿದ್ದೆ ಮಾಡುತ್ತಿದ್ದಳು. ಶ್ಶಕ್ಕ ಯಂತ್ರದ ಪುಟ್ಟ ಪರದೆಯನ್ನೇ ನೋಡುತ್ತಿದ್ದಳು. ತುಂಬ ಹೊತ್ತು ಹಿಡಿಯಿತು. ಬಲಗಿವಿ ಆಯಿತು, ಎಡಗಿವಿ ಆಯಿತು. ಸ್ಟಿಕರನ್ನು ಒದ್ದೆ ಹತ್ತಿಯಿಂದ ನೆನೆಸಿ ನೆನೆಸಿ, ಚರ್ಮ ಎಳೆಯದ ಹಾಗೆ ಬಿಡಿಸಿದಳು.

"ಎರಡು ಕಡೇನೂ ರೆಫರ್ ಅಂತ ಬಂದಿದೆ," ಎಂದಳು.

"ಅಂದ್ರೆ? ಪಾಸೋ ಫೇಲೋ, ಒಂದು ಹೇಳಮ್ಮ."

"ಇದು ಸ್ಕೂಲ್ ಪರೀಕ್ಷೆ ಅಲ್ಲ ಅಜ್ಜಿ, ಇದ್ರಲ್ಲಿ ಫೇಲ್ ಅನ್ನೋದಿಲ್ಲ. ರೆಫರ್ ಅಂದ್ರೆ ಇನ್ನೂ ಸರಿಯಾಗಿ ನೋಡ್ಬೇಕು ಅಂತ. ನಾಳೆ ಇನ್ನೊಂದ್ಸಲ ಹಾಕ್ತೀನಿ."

ಫೇಲ್ ಅನ್ನೋದಿಲ್ಲ! ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮಗನಿಗೆ ಫೋನು ಮಾಡಿ "ಫೇಲಂತೂ ಆಗಿಲ್ಲ ಕಣೋ" ಅಂದೆ. ಬೀಗಿತ್ತಿಗೂ ಅದನ್ನೇ ಹೇಳಿದೆ. ಫೇಲಾಗಿಲ್ಲ ಅಂದಮೇಲೆ ಪಾಸ್ ತಾನೇ, ಮೂರನೆಯದು ಯಾವ ಪರೀಕ್ಷೆಯಲ್ಲಿದೆ?

ಮಾರನೆಯ ದಿನವೂ ರೆಫರ್. ಈ ಸಲ ಶ್ಶಕ್ಕ ನನ್ನನ್ನಲ್ಲ, ಸೊಸೆಯನ್ನು ಕೂರಿಸಿಕೊಂಡು ಮಾತಾಡಿದಳು. ಮನೆಗೆ ಹೋಗಿ, ಮಗು ಸ್ವಲ್ಪ ಚೇತರಿಸಿಕೊಳ್ಳಲಿ, ಆದರೆ ದೊಡ್ಡ ಪರೀಕ್ಷೆಗೆ ತಪ್ಪದೆ ಬನ್ನಿ ಎಂದಳು. ಮಕ್ಕಳು ಹುಟ್ಟಿದ ಗಳಿಗೆಯಿಂದ ಮಾತು ಕಲಿಯುತ್ತಿರುತ್ತವೆ, ಕೇಳಿಸದೆ ಹೋದ ಕಾಲ ತಿರುಗಿ ಬರುವುದಿಲ್ಲ, ಬೇಗ ಗೊತ್ತಾದರೆ ದಾರಿ ಇದೆ ಎಂದಳು. ನನ್ನ ಸೊಸೆ ಮಾತು ಕಡಿಮೆಯ ಹುಡುಗಿ. ಅವಳ ಮುಖ ಬಿಳಿಚಿಕೊಂಡಿತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

"ಸಾವಿನ ಬಾಯಿಂದ ಎದ್ದು ಬಂದಿರೋ ಕೂಸಮ್ಮ ಅದು! ಅದಕ್ಕೆ ಇನ್ನೊಂದು ಹೆಸರು ಇಡ್ತೀಯಾ? ನಿನ್ನ ಯಂತ್ರಾನೇ ಕಿವುಡು!"

"ಇರಬಹುದು ಅಜ್ಜಿ," ಎಂದಳು, ಸ್ವಲ್ಪವೂ ದನಿ ಏರಿಸದೆ. "ಯಂತ್ರಾನೂ ತಪ್ಪು ಮಾಡತ್ತೆ. ಅದಕ್ಕೇ ಮತ್ತೆ ಬನ್ನಿ ಅಂತಿರೋದು."

ಜಗಳಕ್ಕೆ ಸಿಗದವರ ಜೊತೆ ಜಗಳ ಆಡುವುದು ಹೇಗೆ? ನಾವು ಚಿಟಿಕೆಯನ್ನು ಎತ್ತಿಕೊಂಡು ಮನೆಗೆ ಬಂದೆವು.

ನಮ್ಮ ಮನೆ ಮಿಲ್ಲಿನ ಬೆನ್ನಿಗೇ ಇದೆ. ನಡುವೆ ಒಂದೇ ಗೋಡೆ. ಮುಂದುಗಡೆ ಮೋಟರು, ಬೆಲ್ಟು, ಎರಡು ಕಲ್ಲು, ಗಿರಾಕಿಗಳು, ಹಿಂದುಗಡೆ ನಾವು. ಈ ಮನೆಯಲ್ಲಿ ಮಾತು ನಡೆಯುವುದೇ ಬೇರೆ ರೀತಿ. ಸಣ್ಣಗೆ ಬೀಸಬೇಕೆಂದರೆ ಎರಡು ಬೆರಳು ಉಜ್ಜಿ ತೋರಿಸಬೇಕು, ದಪ್ಪಗೆ ಎಂದರೆ ಮುಷ್ಟಿ. ಊಟಕ್ಕೆ ಬಾ ಎಂದರೆ ತಟ್ಟೆಯನ್ನು ಗಾಳಿಯಲ್ಲಿ ಆಡಿಸಬೇಕು. ಅರ್ಥವಾಗದ ಮಾತಿಗೆಲ್ಲ ತಲೆ ಆಡಿಸಿಬಿಡುವುದು ಮಿಲ್ಲಿನವರ ಅಭ್ಯಾಸ. ಗಿರಾಕಿ ಏನು ಬೈದನೋ ಏನು ಹೊಗಳಿದನೋ, ತಲೆ ಆಡಿಸಿದರೆ ಇಬ್ಬರಿಗೂ ಸಮಾಧಾನ. ನನ್ನ ಮಗನ ತಲೆಯಂತೂ ಹುಟ್ಟಿದಾಗಿನಿಂದ ಆಡುತ್ತಲೇ ಇದೆ.

ಚಿಟಿಕೆಯ ಮರದ ತೊಟ್ಟಿಲನ್ನು ಆ ಗೋಡೆಗೆ ತಾಗಿಸಿ ಇಟ್ಟೆವು, ಅಲ್ಲೇ ಬೆಚ್ಚಗಿರುತ್ತದೆ ಎಂದು. ಮೊದಲ ಬೆಳಿಗ್ಗೆ ಮಗ ಮಿಲ್ಲು ಶುರು ಮಾಡಿದ. ನಾನು ತೊಟ್ಟಿಲ ಬಳಿಯೇ ಕೂತಿದ್ದೆ. ಮೋಟರು ಗುರ್ ಅಂದದ್ದೇ ತಡ, ಚಿಟಿಕೆ ಬೆಚ್ಚಿಬಿದ್ದಳು! ಎರಡೂ ಕೈ ಅಗಲಿಸಿ, ಕಣ್ಣು ಪಿಳಿಪಿಳಿ ಬಿಟ್ಟಳು.

ನಾನು ಕುಣಿದುಬಿಟ್ಟೆ. ಮಿಲ್ಲಿಗೆ ಓಡಿಹೋಗಿ ಮಗನ ಕೈ ಹಿಡಿದು ಎಳೆದುಕೊಂಡು ಬಂದೆ. "ನಿಲ್ಸು, ಮತ್ತೆ ಹಾಕು" ಅಂದೆ. ಅವನು ನಿಲ್ಲಿಸಿ, ಅವಳು ಮತ್ತೆ ನಿದ್ದೆ ಹೋದಮೇಲೆ ಮತ್ತೆ ಹಾಕಿದ. ಮತ್ತೆ ಬೆಚ್ಚಿಬಿದ್ದಳು! ಎಲ್ಲಿ ಆ ರೆಫರ್? ಎಲ್ಲಿ ಆ ಸ್ಟಿಕರು? ಗಿರಾಕಿಗಳನ್ನೆಲ್ಲ ಒಳಗೆ ಕರೆದು ತೋರಿಸಿದೆ. ದರ್ಜಿಯ ಹೆಂಡತಿ, "ಮಿಲ್ಲಿನ ಮೊಮ್ಮಗಳು ಅಂದ್ರೆ ಮಿಲ್ಲಿನ ಮೊಮ್ಮಗಳೇ ಬಿಡಿ, ಮೋಟರಿನ ಸದ್ದಿಗೇ ಏಳ್ತಾಳೆ" ಎಂದು ದೃಷ್ಟಿ ತೆಗೆಯುವ ಹಾಗೆ ಹೇಳಿದಳು. ಸೊಸೆ ಮಾತ್ರ ಕುಣಿಯಲಿಲ್ಲ. ಬಾಗಿಲ ಬಳಿ ನಿಂತು ಏನೋ ಅಂದಳು. ಮಿಲ್ಲು ಓಡುತ್ತಿತ್ತು. ನಾನು ತಲೆ ಆಡಿಸಿದೆ.

ದೊಡ್ಡ ಪರೀಕ್ಷೆಯ ದಿನ ಬಂತು, ಹೋಯಿತು. ಕಣ್ಣಿಗೆ ಕಾಣುವುದನ್ನು ಇನ್ನೊಬ್ಬರ ಕೈಲಿ ಯಾಕೆ ಪರೀಕ್ಷೆ ಮಾಡಿಸಬೇಕು ಎಂದು ನಾನೇ ಬೇಡ ಅಂದೆ. ಆಸ್ಪತ್ರೆಯಿಂದ ಫೋನುಗಳು ಬಂದವಂತೆ. ನಮ್ಮ ಮನೆಯಲ್ಲಿ ಫೋನು ಬಡಿದುಕೊಂಡದ್ದು ಯಾರಿಗೆ ಕೇಳಿಸಬೇಕು?

ಹಾಗಿರುವಾಗ ಒಂದು ದಿನ ಸಾಲಿನಲ್ಲಿ ಗೋಧಿ ಡಬ್ಬ ಹಿಡಿದು ಒಬ್ಬಳು ನಿಂತಿದ್ದಳು. ಬಟ್ಟೆಯ ಮೆಟ್ಟು ನೋಡಿದಾಗಲೇ ಗುರುತು ಸಿಕ್ಕಿತು. ಶ್ಶಕ್ಕ! ಇಲ್ಲಿ ಮಾತ್ರ ಅವಳ ಪಿಸುಮಾತು ನಡೆಯಲಿಲ್ಲ. ಏನೋ ಅಂದಳು, ನನಗೆ ಕೇಳಲಿಲ್ಲ. ಇನ್ನೊಮ್ಮೆ ಅಂದಳು. ನಾನು ಕಿವಿಗೆ ಕೈ ಅಡ್ಡ ಹಿಡಿದೆ. ಕೊನೆಗೆ ಆ ಮಹಾತಾಯಿ ಗಂಟಲು ಹರಿದುಕೊಂಡು ಕೂಗಿದಳು.

"ಮಗು ಹೇಗಿದೆ ಅಜ್ಜೀ?"

ಅಬ್ಬಾ, ಏನು ಗಂಟಲು! ಆಮೇಲೆ ಗೊತ್ತಾಯಿತು, ಅವಳ ಅತ್ತೆಗೆ ವಯಸ್ಸಾಗಿ ಕಿವಿ ಮಂದವಂತೆ. ಹಗಲೆಲ್ಲ ಆಸ್ಪತ್ರೆಯಲ್ಲಿ ಪಿಸುಗುಟ್ಟಿ, ಮನೆಗೆ ಹೋಗಿ ಸಾರಿಗೆ ಉಪ್ಪು ಸಾಕೇ ಎಂದು ಕೇಳಲು ಬೀದಿಗೆಲ್ಲ ಕೇಳುವ ಹಾಗೆ ಕಿರುಚುವುದು ಅವಳ ದಿನಚರಿ. ಅವರ ಪಕ್ಕದ ಮನೆಯವರು ಇವಳು ದೊಡ್ಡ ಜಗಳಗಂಟಿ, ಅತ್ತೆಯನ್ನು ಗೋಳುಹುಯ್ದುಕೊಳ್ಳುತ್ತಾಳೆ ಅಂದುಕೊಂಡಿದ್ದಾರಂತೆ. ಅತ್ತೆ ಸೊಸೆ ಇಬ್ಬರೂ ಅದನ್ನು ನೆನೆದು ನಗುತ್ತಾರೆ.

ನಾನು ಅವಳನ್ನು ಗೆದ್ದ ಠೀವಿಯಲ್ಲೇ ಒಳಗೆ ಕರೆದೆ. "ಬಾ, ಬಾ. ನಿನ್ನ ಯಂತ್ರಕ್ಕಿಂತ ದೊಡ್ಡ ಯಂತ್ರ ಇದೆ ನಮ್ಮನೇಲಿ, ತೋರಿಸ್ತೀನಿ" ಅಂದೆ. ಮಗನಿಗೆ ಮೋಟರು ನಿಲ್ಲಿಸಲು ಸನ್ನೆ ಮಾಡಿದೆ. ಚಿಟಿಕೆ ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ಸೊಸೆ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದವಳು ಎದ್ದು ನಿಂತಳು. ಮಗ ಮೋಟರು ಹಾಕಿದ. ಚಿಟಿಕೆ ಬೆಚ್ಚಿ ಕೈ ಅಗಲಿಸಿದಳು.

"ನೋಡ್ದ್ಯಾ?" ಅಂದೆ, ಸೊಂಟಕ್ಕೆ ಕೈ ಇಟ್ಟು.

ಶ್ಶಕ್ಕ ಮಗುವನ್ನು ನೋಡಲಿಲ್ಲ. ತೊಟ್ಟಿಲಿನ ಕಾಲು ನೋಡಿದಳು, ಗೋಡೆ ನೋಡಿದಳು. ಬಗ್ಗಿ ನೆಲದ ಮೇಲೆ ಅಂಗೈ ಊರಿದಳು. ಅವಳ ಮುಖ ನೋಡಿ ನಾನು ಸೊಂಟದಿಂದ ಕೈ ತೆಗೆದೆ. ಮೋಟರು ನಿಲ್ಲಿಸಲು ಹೇಳಿದಳು.

"ಅಜ್ಜಿ, ಮಗೂನ ಹೆಗಲಿಗೆ ಹಾಕ್ಕೊಂಡು ಹಿತ್ತಿಲಿಗೆ ಬರ್ತೀರಾ? ಬಾಗಿಲು ತೆಗೆದೇ ಇರ್ಲಿ. ಅವಳು ನಿದ್ದೆ ಹೋಗೋವರೆಗೂ ಕಾಯೋಣ."

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಬರೀ ಮಣ್ಣಿನ ಮೇಲೆ ನಿಂತೆ. ಹಿತ್ತಿಲು ಮನೆಯ ಪಕ್ಕದಿಂದ ಮಿಲ್ಲಿನವರೆಗೂ ಬಳಸಿಕೊಂಡಿದೆ, ಮಿಲ್ಲಿನ ಪಕ್ಕದ ಕಿಟಕಿ ಅಲ್ಲಿಂದ ಕೈಗೆಟುಕುವ ದೂರ. ಚಿಟಿಕೆ ನನ್ನ ಹೆಗಲ ಮೇಲೆ ಬಿಸಿಯುಸಿರು ಬಿಡುತ್ತಾ ನಿದ್ದೆಹೋದಳು. ಶ್ಶಕ್ಕ ಕಿಟಕಿಯಲ್ಲಿ ಮಗನಿಗೆ ಕೈ ಬೀಸಿದಳು.

ಮೋಟರು ಗುಡುಗಿತು. ತೊಟ್ಟಿಲ ಬಳಿ ಕೇಳುವುದಕ್ಕಿಂತ ಇಲ್ಲೇ ಜೋರು. ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಛಂಗನೆ ಹಾರಿ ಓಡಿತು. ಪಕ್ಕದ ಮನೆಯ ಕಿಟಕಿಯ ಗಾಜು ಗಡಗಡ ಅಂದಿತು. ಚಿಟಿಕೆ ಅಲುಗಲಿಲ್ಲ. ಬೆರಳು ಕೂಡ ಅಲುಗಲಿಲ್ಲ. ಉಸಿರು ಅದೇ ಲಯದಲ್ಲಿ ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ಇನ್ನೊಂದ್ಸಲ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ನಿಲ್ಲಿಸಿ ಮತ್ತೆ ಹಾಕಿದ. ಏನೂ ಇಲ್ಲ. ಅವಳ ಕಿವಿಯ ಪಕ್ಕವೇ ಬೆರಳು ತಂದು ಚಿಟಿಕೆ ಹೊಡೆದೆ. ನಮ್ಮ ಚಿಟಿಕೆಗೆ ಚಿಟಿಕೆ ಕೇಳಿಸಲಿಲ್ಲ. ಮತ್ತೆ ಹೊಡೆದೆ, ಮತ್ತೆ, ಮತ್ತೆ, ಬೆರಳು ಉರಿಯುವವರೆಗೆ. ಶ್ಶಕ್ಕ ನನ್ನ ಕೈ ಹಿಡಿದು ತಡೆದಳು. ಒಳಗೆ ಕರೆದುಕೊಂಡು ಹೋಗಿ, ಓಡುತ್ತಿರುವ ಮಿಲ್ಲಿನ ಗೋಡೆಗೆ ತಾಗಿದ್ದ ಖಾಲಿ ತೊಟ್ಟಿಲ ಪಟ್ಟಿಯ ಮೇಲೆ ಆ ಕೈಯನ್ನು ಇಟ್ಟಳು. ಮರ ಜುಮುಜುಮು ನಡುಗುತ್ತಿತ್ತು.

ಅಯ್ಯೋ ನನ್ನ ಕರ್ಮವೇ! ಮದುವೆಯಾಗಿ ಬಂದ ದಿನದಿಂದ ಈ ಮನೆಯ ನೆಲ ನಡುಗುತ್ತಿದೆ. ನಮಗೆ ಅದು ನಡುಕ ಅಂತಲೇ ಅನ್ನಿಸುವುದಿಲ್ಲ. ಬೇರೆ ಯಾರ ಮನೆಯಲ್ಲಿ ಇಟ್ಟಿದ್ದರೂ ಈ ಕೂಸು ಯಾವ ಸದ್ದಿಗೂ ಏಳದ್ದನ್ನು ನೋಡಿ ಎಂದೋ ಆಸ್ಪತ್ರೆಗೆ ಓಡುತ್ತಿದ್ದರು. ನಮ್ಮ ಮನೆಯಲ್ಲಿ ನೆಲವೇ ನಮಗೆ ಸುಳ್ಳು ಹೇಳಿತು. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತೆ. ಮಗ ಓಡಿ ಬಂದ, ಎಲ್ಲ ಸರಿ ಅಂದುಕೊಂಡು ತಲೆ ಆಡಿಸುತ್ತಾ. ನನ್ನ ಮುಖ ನೋಡಿದಮೇಲೆ ಅವನ ತಲೆ ನಿಂತಿತು. ಮೊದಲ ಸಲ ಅದು ನಿಂತದ್ದನ್ನು ನೋಡಿದೆ. ಹೋಗಿ ಮೋಟರು ಆರಿಸಿ ಬಂದ.

ಆ ನಿಶ್ಶಬ್ದದಲ್ಲಿ ನನ್ನ ಸೊಸೆ ಮಾತಾಡಿದಳು.

"ನಂಗೆ ಗೊತ್ತಿತ್ತು ಅತ್ತೆ. ಪಾತ್ರೆ ಬಿದ್ರೂ ಏಳ್ತಿರ್ಲಿಲ್ಲ. ನಾನು ಕರೆದ್ರೆ ನೋಡ್ತಿರ್ಲಿಲ್ಲ, ಮುಖ ಹತ್ರ ತಂದ್ರೆ ಮಾತ್ರ ನಗೋಳು."

"ಗೊತ್ತಿದ್ರೆ ಬಾಯಿ ಬಿಟ್ಟು ಹೇಳೋದಲ್ವೇನೇ!" ನಾನು ಅರಚಿದೆ.

"ಹೇಳ್ದೆ ಅತ್ತೆ. ನಿಮಗೂ ಹೇಳ್ದೆ, ಇವರಿಗೂ ಹೇಳ್ದೆ. ಇಬ್ರೂ ತಲೆ ಆಡಿಸಿದ್ರಿ. ಮಿಲ್ಲು ಓಡ್ತಿತ್ತು."

ಸಿಡಿಲು ಬಡಿದ ಹಾಗೆ ಎಂದು ಜನ ಹೇಳುತ್ತಾರಲ್ಲ, ಬಡಿದಾಗ ಸದ್ದೇ ಇರುವುದಿಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಮಗ ಹೋಗಿ ಹೆಂಡತಿಯ ಪಕ್ಕ ನಿಂತ. ಅವಳ ಸೆರಗಿನ ತುದಿಯನ್ನು ಚಿಕ್ಕ ಮಗುವಿನ ಹಾಗೆ ಹಿಡಿದುಕೊಂಡ.

"ಯಾರು ಮಾಡಿದ್ದು ಇದನ್ನ?" ಎಂದು ಶ್ಶಕ್ಕನನ್ನು ಕೇಳಿದೆ. "ಆ ಔಷಧೀನಾ? ಆ ನಳಿಕೇನಾ? ಯಾರನ್ನ ಹಿಡಿದು ಕೇಳ್ಲಿ ನಾನು?"

"ಔಷಧಿಯಿಂದಲೋ, ಕಾಮಾಲೆಯಿಂದಲೋ, ಬೇಗ ಹುಟ್ಟಿದ್ದರಿಂದಲೋ, ಹೇಳಕ್ಕಾಗಲ್ಲ ಅಜ್ಜಿ. ಆ ಔಷಧಿ, ಆ ನಳಿಕೆ ಇಲ್ದಿದ್ರೆ ಇವತ್ತು ನಿಮ್ಮ ಹೆಗಲ ಮೇಲೆ ಮಲಗೋಕೆ ಇವಳೇ ಇರ್ತಿರ್ಲಿಲ್ಲ. ಯಾರನ್ನೂ ಹಿಡೀಬೇಡಿ. ನಾಳೆ ಬನ್ನಿ."

"ನಿನಗೇನು ಇಷ್ಟು ಅಕ್ಕರೆ? ನಾನು ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದು ಬಂದಿದ್ದೆ."

ಆಗ ಅವಳು ತನ್ನ ಕಥೆ ಹೇಳಿದಳು. ಆಸ್ಪತ್ರೆಗೆ ಸೇರುವ ಮೊದಲು ಅವಳು ಕಿವಿಯಂತ್ರ ಮಾರುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಳಂತೆ. ಬರುವವರೆಲ್ಲ ಮುದುಕರು. ಒಂದು ದಿನ ಅಜ್ಜನೊಬ್ಬನ ಜೊತೆ ಅವನ ಮೊಮ್ಮಗಳೂ ಬಂದಿದ್ದಳು, ಶಾಲೆಗೆ ಹೋಗುವ ವಯಸ್ಸಿನವಳು. ಸ್ಟೀಲಿನ ತಟ್ಟೆಯೊಂದು ಕೈಜಾರಿ ಠಣ್ಣೆಂದು ಬಿದ್ದು ಎಲ್ಲರೂ ತಿರುಗಿ ನೋಡಿದರು, ಆ ಹುಡುಗಿ ನೋಡಲಿಲ್ಲ. ಇವಳಿಗೆ ಅನುಮಾನ ಬಂದು ಕೂರಿಸಿ ಪರೀಕ್ಷೆ ಮಾಡಿದಳು. ಆ ಮಗುವಿಗೆ ಹುಟ್ಟಿದಾಗಿನಿಂದ ಕೇಳಿಸಿಯೇ ಇರಲಿಲ್ಲ. ಮನೆಯವರು ಅವಳನ್ನು ಹಟಮಾರಿ ಎಂದು ಕರೆಯುತ್ತಿದ್ದರು. ಹೇಳಿದ ಮಾತು ಕೇಳುವುದಿಲ್ಲ, ಬೇಕೆಂದೇ ಬಾಯಿ ಬಿಡುವುದಿಲ್ಲ ಎಂದು ಹೊಡೆಯುತ್ತಿದ್ದರಂತೆ.

"ಅವಳ ತೋಳಿನ ಮೇಲೆ ಬಾಸುಂಡೆ ಇತ್ತು ಅಜ್ಜಿ," ಎಂದಳು ಶ್ಶಕ್ಕ. "ಅವಳೂ ಹುಟ್ಟಿದಾಗ ಗಾಜಿನ ಪೆಟ್ಟಿಗೇಲಿದ್ದ ಮಗುವೇ. ಯಾರೂ ಕಿವಿ ನೋಡಿರ್ಲಿಲ್ಲ, ಅಷ್ಟೇ. ಅವತ್ತಿಂದ ನಂಗೆ ಬರದೇ ಇರೋ ಮಕ್ಕಳ ಮನೆಗೆ ಹೋಗೋ ಚಟ. ಬಾಗಿಲಲ್ಲಿ ನಿಲ್ಲಿಸಿ ಬೈದವರೂ ಇದಾರೆ. ಒಬ್ಬರ ಮನೇಲಿ ನಾಯಿ ಬಿಟ್ರು."

ಹಟ ನನ್ನದು ಎಂದು ಆ ಕೋಣೆಯಲ್ಲಿ ಹೆಮ್ಮೆಯಿಂದ ಹೇಳಿದ್ದೆನಲ್ಲ. ಇನ್ನು ಸ್ವಲ್ಪ ವರ್ಷ ಕಳೆದಿದ್ದರೆ ನಮ್ಮ ಚಿಟಿಕೆಯನ್ನೂ ನಾನೇ ಹಟಮಾರಿ ಅನ್ನುತ್ತಿದ್ದೆ. ಕೈಯೆತ್ತುತ್ತಲೂ ಇದ್ದೆನೇನೋ.

ಅವಳು ಹೊರಟಾಗ ಗೋಧಿ ಡಬ್ಬ ನೆನಪಾಯಿತು. ನಾನೇ ನಿಂತು ಬೀಸಿಕೊಟ್ಟೆ. ಸಣ್ಣಗೋ ದಪ್ಪಗೋ ಎಂದು ಬೆರಳು ಉಜ್ಜಿ, ಮುಷ್ಟಿ ಹಿಡಿದು ಕೇಳಿದೆ. ಅವಳು ನಕ್ಕು, "ನಿಮ್ಮನೇಲಿ ಕೈಮಾತು ಆಗ್ಲೇ ಇದೆಯಲ್ಲ ಅಜ್ಜಿ. ಚಿಟಿಕೆಗೆ ಒಳ್ಳೇದೇ ಆಯ್ತು. ಅವಳಿಗೆ ಮುಖ ಕೊಟ್ಟು, ಕೈ ಆಡಿಸಿ ಮಾತಾಡ್ತಾನೇ ಇರಿ" ಎಂದಳು. ಸೊಸೆ ಹೊಸ್ತಿಲವರೆಗೆ ಹೋಗಿ ಅವಳನ್ನು ಬೀಳ್ಕೊಟ್ಟಳು. ಇಬ್ಬರೂ ತುಂಬ ಹೊತ್ತು ಪಿಸುಗುಟ್ಟಿದರು. ಮಗ ಅಷ್ಟು ಹೊತ್ತೂ ಮೋಟರು ಹಾಕಲಿಲ್ಲ.

ದೊಡ್ಡ ಪರೀಕ್ಷೆ ಆಯಿತು. ಎರಡೂ ಕಿವಿಗೆ ಕೇಳಿಸುವುದು ತೀರಾ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ, ಕಿವಿಯಂತ್ರ ಹಾಕಿ ನೋಡೋಣ ಎಂದರು ಕಿವಿಯ ಡಾಕ್ಟರಮ್ಮ. ಇಷ್ಟು ಎಳೆಯ ಕೂಸಿಗಾ ಎಂದು ಇನ್ನೊಮ್ಮೆ ಹೌಹಾರಿದೆ. ಕಿವಿಗೆ ಗುಲಾಬಿ ಬಣ್ಣದ ಮೆತ್ತನೆ ಹಿಟ್ಟು ತುಂಬಿ ಅಚ್ಚು ತೆಗೆದುಕೊಂಡರು. ಹಿಟ್ಟಿನವರ ಮನೆ ಕೂಸು ಹಿಟ್ಟಿಗೆ ಹೆದರಲಿಲ್ಲ. ನಿದ್ದೆಯಲ್ಲೇ ನಡೆಯಿತು.

ಯಂತ್ರ ಹಾಕುವ ದಿನ ಮಿಲ್ಲಿಗೆ ಬಾಗಿಲು ಹಾಕಿ ಎಲ್ಲರೂ ಹೋದೆವು. ಅದು ಗೋಡೆಗೆಲ್ಲ ಮೆತ್ತೆ ಹೊದಿಸಿದ ಸಣ್ಣ ಕೋಣೆ. ಅಂಥ ಮೌನದಲ್ಲಿ ನಾನು ಹುಟ್ಟಿದಮೇಲೆ ಕೂತಿಲ್ಲ, ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. ಸೊಸೆಯ ತೊಡೆಯ ಮೇಲೆ ಚಿಟಿಕೆ ಬಾಟಲಿ ಹಾಲು ಚೀಪುತ್ತಿದ್ದಳು. ಮಗ ಅವಳ ಬೆನ್ನ ಹಿಂದೆ ನಿಂತಿದ್ದ, ನಾನು ಒಂದು ಬದಿಗೆ ಕುರ್ಚಿಯಲ್ಲಿ. ಬಾಗಿಲ ಬಳಿ ಶ್ಶಕ್ಕ. ಅವತ್ತು ಅವಳಿಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಬಂದಿದ್ದಳು. ಡಾಕ್ಟರಮ್ಮ ಪುಟ್ಟ ಕಿವಿಗಳ ಹಿಂದೆ ಯಂತ್ರ ಸಿಕ್ಕಿಸಿ, ಗುಂಡಿ ಒತ್ತಿ, "ಆಯ್ತು" ಎಂದು ಸನ್ನೆ ಮಾಡಿದರು.

ಯಾರೂ ಮಾತಾಡಲಿಲ್ಲ. ಯಾರಿಗೂ ಧೈರ್ಯವಿಲ್ಲ. ಒಂದು ವೇಳೆ ಆಗಲೂ ಕೇಳಿಸದಿದ್ದರೆ? ಸೊಸೆ ನನ್ನನ್ನು ನೋಡಿದಳು. ನಾನು ಅಭ್ಯಾಸದಂತೆ ಶ್ಶಕ್ಕನ ಕಡೆ ನೋಡಿದೆ, ಬೆರಳು ಎತ್ತುತ್ತಾಳೇನೋ ಎಂದು. ಅವಳ ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಮಾತಾಡಿ ಅಜ್ಜಿ," ಎಂದಳು. "ಇವತ್ತು ನಿಮಗೆ ಯಾರೂ ಶ್ಶ್ ಅನ್ನಲ್ಲ."

ಇಡೀ ಬೀದಿಯನ್ನು ಕೂಗಿ ಎಬ್ಬಿಸುವ ನನಗೆ ಒಂದು ಮಾತು ಹೊಳೆಯಬೇಕಲ್ಲ! ಬಂಗಾರ, ಪುಟ್ಟಿ, ಕಂದ, ಎಲ್ಲವೂ ಮರೆತೇಹೋದವು. ಕೊನೆಗೆ ಬಾಯಿಂದ ಬಂದದ್ದು ಜೀವನವಿಡೀ ಕೂಗಿದ ಆ ಒಂದೇ ಕೂಗು.

"ಮುಂದಿನ ಡಬ್ಬ ಯಾರ್ದೂ?"

ಚಿಟಿಕೆ ಚೀಪುವುದನ್ನು ನಿಲ್ಲಿಸಿದಳು. ಕಣ್ಣು ಇಷ್ಟಗಲ ಆದವು. ಹಾಲಿನ ಬಾಟಲಿ ತುಟಿಯಿಂದ ಜಾರಿತು. ನನ್ನ ಬದುಕಿನಲ್ಲಿ ಅಷ್ಟು ದಿಗಿಲುಬಿದ್ದ ಮುಖ ನಾನು ನೋಡಿಲ್ಲ. ಲೋಕದಲ್ಲಿ ಇಂಥದ್ದೊಂದು ಇದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲವಲ್ಲ. ಕೆಳತುಟಿ ನಡುಗಿತು, ಮುಖ ಕಿವುಚಿತು, ಕೋಣೆ ಹಾರಿಹೋಗುವ ಹಾಗೆ ಕಿರುಚಿ ಅತ್ತಳು. ತನ್ನ ಅಳು ತನಗೇ ಕೇಳಿಸಿತೇನೋ, ಅದಕ್ಕೆ ಇನ್ನಷ್ಟು ಹೆದರಿ ಇನ್ನಷ್ಟು ಅತ್ತಳು. ಮಗ ಗೋಡೆಯ ಕಡೆ ತಿರುಗಿ ನಿಂತ, ಅವನ ಬೆನ್ನು ಅಲುಗುತ್ತಿತ್ತು. ಸೊಸೆ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ಅವಳು ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.

ಅಳುವ ಕೂಸು ಮಡಿಲಿಗೆ ಬಂದರೆ ಯಾವ ಅಜ್ಜಿಯಾದರೂ ಏನು ಮಾಡುತ್ತಾಳೆ? ತೋಳಲ್ಲಿ ತೂಗುತ್ತಾ, ಯೋಚನೆಯೇ ಇಲ್ಲದೆ, "ಶ್ಶ್... ಶ್ಶ್..." ಅಂದೆ. ಮನೆಗೆ ಕರೆತಂದ ದಿನದಿಂದ ಅದನ್ನು ಎಷ್ಟು ಸಲ ಅಂದಿದ್ದೆನೋ.

ಚಿಟಿಕೆಯ ಅಳು ನಡುವೆಯೇ ನಿಂತಿತು. ತುಟಿ ಹಾಗೇ ಅರ್ಧ ತೆರೆದಿತ್ತು. ಒದ್ದೆ ಕಣ್ಣು ಎತ್ತಿ, ಆ ಸದ್ದು ಎಲ್ಲಿಂದ ಬಂತೆಂದು ನನ್ನ ಬಾಯನ್ನೇ ಹುಡುಕಿ ನೋಡಿದಳು. ನಾನು ಇನ್ನೊಮ್ಮೆ ಶ್ಶ್ ಅಂದೆ.